ಓದಲು ಬಾರದವರ ಪಟ್ಟಿ

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ತ್ರಿವಿಧ ದಾಸೋಹದ ಹಿರಿಮೆಯನ್ನು ಕುರಿತು ನನಗಿಂತ ಬಲ್ಲವರು ಬರೆಯುವರೆಂಬ ಭರವಸೆಯಿಂದ ಆ ವಿಷಯವನ್ನು ಅವರಿಗೇ ಬಿಟ್ಟಿದ್ದೇನೆ. ನಾನು ಹೇಳಹೊರಟಿರುವುದು ಒಂದು ಸಣ್ಣ ಸಂಗತಿ. ಒಂದು ತಾಲ್ಲೂಕಾಗಲಿ ಜಿಲ್ಲೆಯಾಗಲಿ ತನ್ನ ಮಕ್ಕಳಿಗೆ ಓದು ಕಲಿಸಲು ಎಷ್ಟೇ ದೊಡ್ಡ ಯೋಜನೆಯನ್ನು ಹಾಕಿಕೊಂಡರೂ ಅದು ಕೊನೆಗೆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಆ ಹಾಳೆಯಲ್ಲಿ ಓದಲು ಬಾರದ ಮಕ್ಕಳ ಹೆಸರುಗಳಿರುತ್ತವೆ. ಅಂತಹ ಪಟ್ಟಿಯೊಂದರಲ್ಲಿ ಒಮ್ಮೆ ನನ್ನ ಹೆಸರೇ ಇದ್ದಿತು. ಮುಂದೆ ಅಂತಹ ಪಟ್ಟಿಗಳಿಗೆ ರುಜು ಹಾಕುವ ಕೆಲಸವೂ ನನ್ನ ಪಾಲಿಗೆ ಬಂದಿತು. ಎರಡನ್ನೂ ಇಲ್ಲಿ ಹೇಳಿಕೊಳ್ಳಬೇಕಾಗಿದೆ.

1969ರ ಜೂನ್ ತಿಂಗಳಲ್ಲಿ ನಮ್ಮ ತಂದೆಯವರು ನನ್ನನ್ನು ಶ್ರೀಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಕರೆತಂದು ಐದನೆಯ ತರಗತಿಗೆ ಸೇರಿಸಿದರು. ಒಂದು ತಗಡಿನ ಟ್ರಂಕು, ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ, ಇಷ್ಟೇ ನನ್ನ ಆಸ್ತಿ. ನಮ್ಮೂರಿನದು ಏಕೋಪಾಧ್ಯಾಯ ಶಾಲೆ. ನಾಲ್ಕು ತರಗತಿಗಳಿಗೂ ಒಬ್ಬರೇ ಮೇಷ್ಟ್ರು. ಅವರು ಹೋಬಳಿ ಕೇಂದ್ರಕ್ಕೆ ಸಂಬಳ ತರಲು ಹೋದ ದಿನ ಶಾಲೆಗೆ ಬೀಗ. ಮೇಷ್ಟ್ರು ಒಂದು ಸಾಲು ಹೇಳುವುದು, ನಾವೆಲ್ಲ ಗಟ್ಟಿಯಾಗಿ ಹೇಳುವುದು. ಹೀಗೆ ನಾಲ್ಕು ವರ್ಷ ಕಳೆದಾಗ ನಾಲ್ಕು ಪಠ್ಯಪುಸ್ತಕಗಳೂ ನನಗೆ ಬಾಯಿಪಾಠವಾಗಿದ್ದವು. ಪುಸ್ತಕವನ್ನು ತೆರೆದು, ಸಾಲಿನ ಮೇಲೆ ಬೆರಳನ್ನು ಓಡಿಸುತ್ತ, ಒಂದು ಮಾತೂ ತಪ್ಪದೆ ಒಪ್ಪಿಸುತ್ತಿದ್ದೆ. ನನಗೆ ಓದು ಬರುವುದಿಲ್ಲವೆಂಬುದು ಮೇಷ್ಟ್ರಿಗಾಗಲಿ, ತಂದೆತಾಯಿಗಳಿಗಾಗಲಿ, ಹೆಚ್ಚೇನು ನನಗಾಗಲಿ ತಿಳಿದಿರಲಿಲ್ಲ.

ಅದನ್ನು ಕಂಡುಹಿಡಿದವರು ಇಲ್ಲಿಯ ಕನ್ನಡ ಪಂಡಿತರು. ತರಗತಿಗೆ ಬಂದ ಮೂರನೆಯ ದಿನವೇ ಹಳೆಯ ನಾಲ್ಕನೆಯ ತರಗತಿಯ ಪುಸ್ತಕವನ್ನು ಕೈಗೆ ಕೊಟ್ಟು, "ಈ ಪುಟದ ಕೊನೆಯ ಸಾಲಿನಿಂದ ಓದಪ್ಪ" ಎಂದರು. ನಾನು ಮೊದಲ ಸಾಲಿನಿಂದ ಆರಂಭಿಸಿದೆ. "ಅಲ್ಲಪ್ಪ, ಕೊನೆಯದು" ಎಂದರು. ನಾನು ಮತ್ತೆ ಮೊದಲಿನಿಂದಲೇ ಶುರುಮಾಡಿದೆ. ಅವರು ನಗಲಿಲ್ಲ, ಗದರಿಸಲಿಲ್ಲ. ಅಂಗಿಯ ಜೇಬಿನಿಂದ ಒಂದು ಚಿಕ್ಕ ಪುಸ್ತಕವನ್ನು ತೆಗೆದು ಏನನ್ನೋ ಗುರುತುಹಾಕಿಕೊಂಡು, "ಸಾಯಂಕಾಲ ಪ್ರಾರ್ಥನೆ ಮುಗಿದ ಮೇಲೆ ಕೈಸಾಲೆಗೆ ಬಾ" ಎಂದಷ್ಟೇ ಹೇಳಿದರು.

ಕೈಸಾಲೆಯಲ್ಲಿ ನನ್ನಂಥವರು ಇನ್ನೂ ಹತ್ತು ಮಂದಿ ಇದ್ದರು. ನಲವತ್ತು ಕ್ಯಾಂಡಲ್ಲಿನ ಒಂದು ಬಲ್ಬಿನ ಕೆಳಗೆ, ಪ್ರಸಾದದ ಗಂಟೆ ಬಾರಿಸುವವರೆಗೆ ಒಂದು ತಾಸು, ಸ್ಲೇಟು ಹಿಡಿದು ಕುಳಿತುಕೊಳ್ಳುತ್ತಿದ್ದೆವು. ಪಂಡಿತರು ನಮಗೆ ಪಠ್ಯಪುಸ್ತಕವನ್ನು ಕೊಡುತ್ತಿರಲಿಲ್ಲ. ಅದು ನಮ್ಮ ಕಿವಿಗೆ ಮೊದಲೇ ಗೊತ್ತಿದ್ದುದರಿಂದ ಕಣ್ಣಿಗೆ ಕೆಲಸವೇ ಇರುತ್ತಿರಲಿಲ್ಲ. ಹರಿದ ಪಂಚಾಂಗದ ಹಾಳೆ, ಜಾತ್ರೆಯ ಕರಪತ್ರ, ಮದುವೆಯ ಲಗ್ನಪತ್ರಿಕೆ, ಸಕ್ಕರೆ ಕಟ್ಟಿ ತಂದ ಹಳೆಯ ದಿನಪತ್ರಿಕೆಯ ತುಂಡು, ಇವೇ ನಮ್ಮ ವಾಚಕಗಳು. ಮುಂದಿನ ಮಾತು ಏನೆಂದು ಊಹಿಸಲು ಸಾಧ್ಯವಿಲ್ಲದ್ದನ್ನೇ ಅವರು ಹುಡುಕಿ ತರುತ್ತಿದ್ದರು.

ಆ ಚಿಕ್ಕ ಪುಸ್ತಕದಲ್ಲಿದ್ದ ಹೆಸರುಗಳ ಪಟ್ಟಿ ತಿಂಗಳಿಗೊಮ್ಮೆ ಲಿಂಗೈಕ್ಯ ಹಿರಿಯ ಶ್ರೀಗಳವರ ಸನ್ನಿಧಿಗೆ ಹೋಗುತ್ತಿತ್ತು. ಬುದ್ಧಿಯವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ತಮ್ಮ ಮುಂದಿದ್ದ ಯಾವುದಾದರೊಂದು ಕಾಗದವನ್ನು ಕೊಟ್ಟು ಓದಿಸುತ್ತಿದ್ದರು. ಬಾರದಿದ್ದರೆ, "ಇರಲಿ, ಮುಂದಿನ ತಿಂಗಳು ನೋಡೋಣ" ಎನ್ನುವರು. ಆ ಬಳಿಕ ಪಂಡಿತರ ಕಡೆಗೆ ತಿರುಗಿ, "ಈ ಮಗುವಿಗೆ ಇನ್ನೇನು ಬೇಕು?" ಎಂದು ಕೇಳುವರು. ಪ್ರಶ್ನೆ ಇರುತ್ತಿದ್ದುದು ಪಂಡಿತರಿಗೆ, ನಮಗಲ್ಲ. ಇದರ ಅರ್ಥ ನನಗೆ ಹೊಳೆಯಲು ಮೂವತ್ತು ವರ್ಷಗಳು ಹಿಡಿದವು. ಮಾರನೆಯ ವರ್ಷದ ಶಿವರಾತ್ರಿಯ ಹೊತ್ತಿಗೆ ನನ್ನ ಹೆಸರಿನ ಮೇಲೆ ಗೀಟು ಬಿದ್ದಿತು. ಬುದ್ಧಿಯವರು ಅಂದು ನನ್ನಿಂದ ಓದಿಸಿದ್ದು ದಾಸೋಹದ ಉಗ್ರಾಣಕ್ಕೆ ಬಂದ ರಾಗಿಯ ಲೆಕ್ಕದ ಚೀಟಿ.

ಹಿಂದೆ ನಮ್ಮ ನಾಡಿನಲ್ಲಿ ಶಾಲೆಗೆ ಮಠವೆಂದೇ ಹೆಸರಿದ್ದಿತು. ಕೂಲಿಮಠವೆಂಬ ಮಾತನ್ನು ನಮ್ಮ ಹಿರಿಯರು ಬಳಸುತ್ತಿದ್ದರು. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, 1865ರಲ್ಲಿ, ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೂ 'ಮಠಪತ್ರಿಕೆ' ಎಂದೇ ಹೆಸರು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದುಕೊಂಡು ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದವರು ಅವರು. ಶಾಲೆ ತೆರೆದರೆ ಸಾಲದು, ಕಲಿಸುವವನ ಕೈಗೆ ನೆರವು ತಲುಪಬೇಕು ಎಂಬ ಯೋಚನೆ ಹೊಸದೇನಲ್ಲ ಎಂದು ತೋರಿಸಲು ಈ ಮಾತು ಬಂದಿತು. ನಮ್ಮ ಕಾಲಕ್ಕೆ ಬರೋಣ.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿ ಸೇರಿದ್ದು 1981ರಲ್ಲಿ. ಆಗ ಇನ್‌ಸ್ಪೆಕ್ಟರು ಬಂದರೆ ಹಾಜರಿ ಪುಸ್ತಕ, ದಾಖಲಾತಿ, ಕಟ್ಟಡದ ಹಂಚು, ಇವನ್ನು ನೋಡುವರು. ಓದಿನ ಯೋಜನೆಯೆಂಬುದು ಬೇರೆಯಾಗಿ ಇರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಬರತೊಡಗಿತು. 1987ರ ಕಪ್ಪುಹಲಗೆ ಕಾರ್ಯಾಚರಣೆಯ ಯೋಜನೆಯಿಂದ ಶಾಲೆಗಳಿಗೆ ಎರಡನೆಯ ಶಿಕ್ಷಕರು ಮತ್ತು ಪಾಠೋಪಕರಣಗಳ ಪೆಟ್ಟಿಗೆಗಳು ಬಂದವು. ಪೆಟ್ಟಿಗೆಯೊಳಗಿನ ಸಾಮಾನು ಒಡೆದರೆ ಆಡಿಟ್ಟಿನವರಿಗೆ ಉತ್ತರ ಹೇಳಬೇಕೆಂಬ ಭಯದಿಂದ ಎಷ್ಟೋ ಕಡೆ ಅದಕ್ಕೆ ಬೀಗ ಬಿದ್ದಿತು. ನಾನೂ ಹಾಕಿದ್ದೆ. 1994ರಿಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, 2001ರಿಂದ ಸರ್ವ ಶಿಕ್ಷಾ ಅಭಿಯಾನ ಬಂದ ಮೇಲೆ ಜಿಲ್ಲೆಯೇ ತನ್ನ ವಾರ್ಷಿಕ ಯೋಜನೆಯನ್ನು ತಯಾರಿಸುವ ಕ್ರಮ ಬೇರೂರಿತು. ತಾಲ್ಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತು ಹನ್ನೆರಡು ಶಾಲೆಗಳಿಗೆ ಒಂದು ಸಮೂಹ ಸಂಪನ್ಮೂಲ ಕೇಂದ್ರ, ತಿಂಗಳಿಗೊಂದು ಸಮಾಲೋಚನಾ ಸಭೆ.

ಈ ನಡುವೆ 1997ರಲ್ಲಿ ನಾನು ಕಂಡ ಒಂದು ದೃಶ್ಯವನ್ನು ವಿವರವಾಗಿ ಹೇಳಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ 'ನಲಿಕಲಿ' ಎಂಬ ಹೊಸ ಪದ್ಧತಿ ಮೊದಲಾಗಿದ್ದಿತು. ಯೂನಿಸೆಫ್ ನೆರವು ನೀಡಿತ್ತು. ಆಂಧ್ರಪ್ರದೇಶದ ಮದನಪಲ್ಲೆಯ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಕುಳಿತು ಕನ್ನಡದ ಕಾರ್ಡುಗಳನ್ನು ರಚಿಸಿದ್ದರು. ನಾವು ಐದು ಮಂದಿ ಬಸ್ಸು ಹತ್ತಿ ನೋಡಲು ಹೋದೆವು. ಮನಸ್ಸಿನಲ್ಲಿ ಅಪನಂಬಿಕೆಯಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿ ಮಕ್ಕಳು ಸಾಲಾಗಿ ಕುಳಿತಿರಲಿಲ್ಲ. ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿದ್ದರು. ಗೋಡೆಯ ತಗ್ಗಿನಲ್ಲಿ, ಕುಳಿತ ಮಗುವಿನ ಕೈಗೆ ಎಟುಕುವಂತೆ, ಕಪ್ಪು ಬಳಿದಿದ್ದರು. ಪ್ರತಿ ಮಗುವಿಗೂ ಅದರಲ್ಲೊಂದು ಚೌಕ ಅದರದೇ ಸ್ವಂತ. ತಲೆಯ ಮೇಲೆ ದಾರಗಳ ಚಪ್ಪರ, ಅದರಿಂದ ತೂಗುಬಿದ್ದ ಮಕ್ಕಳ ಚಿತ್ರಗಳು. ಅಕ್ಷರಗಳನ್ನು ಅ ಆ ಇ ಈ ಎಂಬ ಕ್ರಮದಲ್ಲಿ ಕಲಿಸುತ್ತಿರಲಿಲ್ಲ. ಕೆಲವೇ ಅಕ್ಷರ ಕಲಿತೊಡನೆ ಪದ ಕಟ್ಟಲು ಬರಬೇಕು ಎಂಬ ಲೆಕ್ಕಾಚಾರದಿಂದ ಅಕ್ಷರಗಳನ್ನು ಗುಂಪು ಮಾಡಿದ್ದರು. ಮುಂದೆ ರಾಜ್ಯದ ಎಲ್ಲ ಮಕ್ಕಳ ಬಾಯಲ್ಲೂ ಓಡಾಡಿದ 'ರ ಗ ಸ ದ ಅ' ಎಂಬ ಸಾಲು ಈ ಲೆಕ್ಕಾಚಾರದ ಫಲ. ಐದೇ ಅಕ್ಷರಗಳಿಂದ 'ಸರ', 'ಅರಸ', 'ಅಗಸ', 'ದರ' ಎಂದು ಓದಿದ ಮಗುವಿಗೆ, ತಾನು ಓದಬಲ್ಲೆನೆಂಬ ವಿಷಯ ಮೊದಲ ತಿಂಗಳಿನಲ್ಲೇ ತಿಳಿದುಹೋಗುತ್ತದೆ. ಐವತ್ತು ಅಕ್ಷರಗಳೂ ಮುಗಿಯುವ ತನಕ ಒಂದು ಪದವನ್ನೂ ಕಾಣದೆ ಕುಳಿತ ನನ್ನ ಬಾಲ್ಯ ನೆನಪಾಯಿತು.

ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸಿದ್ದು ಗೋಡೆಯ ಮೇಲಿನ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೆಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅಲ್ಲಿಯ ಶಿಕ್ಷಕಿಯೊಬ್ಬರು ಒಂದು ಹುಡುಗನನ್ನು ತೋರಿಸಿ, "ಇವನು ಅಪ್ಪ ಅಮ್ಮನ ಜೊತೆ ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗಿದ್ದ ಸಾರ್, ಮೊನ್ನೆ ಬಂದ. ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತಿದ್ದಾನೆ" ಎಂದರು. ನಮ್ಮ ಶಾಲೆಗಳಲ್ಲಾದರೆ ಆ ಎರಡು ತಿಂಗಳಿನಲ್ಲಿ ಪಾಠ ಮುಂದೆ ಹೋಗಿ, ಹುಡುಗ ಹಿಂದಿನ ಸಾಲಿಗೆ ಬಿದ್ದು, ಮರುವರ್ಷ ದನದ ಹಿಂದೆ ಕಾಣಿಸಿಕೊಳ್ಳುತ್ತಿದ್ದ. ಮುಂದೆ 2009-10ರಲ್ಲಿ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಹರಡಿದಷ್ಟೂ ತೆಳುವಾಯಿತೆಂಬ ದೂರು ಸುಳ್ಳಲ್ಲ. ಕಾರ್ಡು ಕಳೆದರೆ ಮತ್ತೆ ಕೊಡುವವರಿಲ್ಲದ ಶಾಲೆಯಲ್ಲಿ ಏಣಿ ಬರಿಯ ಚಿತ್ರವಾಗಿಬಿಡುತ್ತದೆ. ಆದರೂ ಆ ದಿನ ನಾನು ಕಂಡದ್ದು ಸುಳ್ಳಾಗಿರಲಿಲ್ಲ.

ಇನ್ನು ನನ್ನ ತಪ್ಪಿನ ಮಾತು. 2002ರಲ್ಲಿ ನಾನು 'ಸಮೂಹ ಸಂಪನ್ಮೂಲ ವ್ಯಕ್ತಿ'ಯಾದೆ. ವ್ಯಕ್ತಿಯಲ್ಲಿ ಸಂಪನ್ಮೂಲವೆಷ್ಟಿತ್ತೋ ನಾನರಿಯೆ. ಎಂ-80 ಗಾಡಿಯೊಂದು ಇದ್ದುದಂತೂ ನಿಜ. ಹದಿನಾಲ್ಕು ಶಾಲೆಗಳು ನನ್ನ ಸುಪರ್ದಿಗೆ ಬಂದವು. ಆ ವರ್ಷಗಳಲ್ಲಿ ಸೆಪ್ಟೆಂಬರ್ 30ನೆಯ ತಾರೀಖಿಗೆ ಸರಿಯಾಗಿ ಶಾಲೆಗಳ ಮಾಹಿತಿಯನ್ನು ತುಂಬಿ ಕಳುಹಿಸುವ ಒಂದು ದೊಡ್ಡ ನಮೂನೆಯಿದ್ದಿತು. ಮಕ್ಕಳೆಷ್ಟು, ಕೊಠಡಿಗಳೆಷ್ಟು, ಶೌಚಾಲಯವಿದೆಯೆ, ಆವರಣದ ಗೋಡೆಯಿದೆಯೆ ಎಂದೆಲ್ಲ ಅದರಲ್ಲಿ ಕೇಳುತ್ತಿದ್ದರು. ಎಷ್ಟು ಮಕ್ಕಳು ಓದಬಲ್ಲರು ಎಂಬ ಕಾಲಮ್ಮು ಅದರಲ್ಲಿರಲಿಲ್ಲ. ಅದಕ್ಕಾಗಿ ನಮ್ಮ ಕಡೆಯ ಕಚೇರಿಯೊಂದು ತಾನೇ ಬೇರೊಂದು ಮಾಸಿಕ ನಮೂನೆಯನ್ನು ಮಾಡಿಕೊಂಡಿತ್ತು. ಉದ್ದೇಶ ಒಳ್ಳೆಯದೇ. ಓದಲು ಬಾರದವರ ಸಂಖ್ಯೆಯ ಮೇಲೆ ಪರಿಹಾರ ಬೋಧನೆಯ ತರಗತಿಗಳನ್ನೂ ಅಭ್ಯಾಸ ಪುಸ್ತಕಗಳನ್ನೂ ಹಂಚುವುದು. ಆದರೆ ಅದೇ ಸಂಖ್ಯೆಯನ್ನು ತಿಂಗಳ ಸಭೆಯಲ್ಲಿ ಗಟ್ಟಿಯಾಗಿ ಓದಿ, ಹೆಚ್ಚಿದ್ದವರನ್ನು ಎದ್ದು ನಿಲ್ಲಿಸುವ ವಾಡಿಕೆಯೂ ಬೆಳೆಯಿತು. ನೆರವಿಗೆಂದು ಮಾಡಿದ ಪಟ್ಟಿ ಶಿಕ್ಷೆಯ ಪಟ್ಟಿಯಾದ ಮೇಲೆ ಅದರೊಳಗಿನ ಹೆಸರುಗಳು ತಾವಾಗಿಯೇ ಕರಗತೊಡಗಿದವು.

2003ರ ನವೆಂಬರಿನಲ್ಲಿ ಒಂದು ಶಾಲೆಗೆ ಹೋಗಿದ್ದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ತೆರೆದು ಓದಿದಳು. ಎಂತಹ ಓದು! ಎಲ್ಲಿಯೂ ತಡೆಯಿಲ್ಲ. ಆದರೆ ಅವಳ ಬೆರಳು ಮಾತಿಗಿಂತ ಒಂದು ಸಾಲು ಮೇಲಿತ್ತು. ನನಗೆ ಮೈ ಜುಮ್ಮೆಂದಿತು. ಮೂವತ್ತನಾಲ್ಕು ವರ್ಷಗಳ ಹಿಂದಿನ ನನ್ನ ಬೆರಳನ್ನೇ ನಾನು ನೋಡುತ್ತಿದ್ದೆ. "ಕೊನೆಯ ಸಾಲಿನಿಂದ ಓದಮ್ಮ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಮುಖ್ಯೋಪಾಧ್ಯಾಯಿನಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೆಲ್ಲಗೆ, "ಸಾರ್, ಹೋದ ತಿಂಗಳೇ ಇವಳನ್ನ ಓದುವವರ ಕಡೆ ಬರೆದು ಕಳಿಸಿದ್ದೀವಿ. ಈಗ ಹಿಂದಕ್ಕೆ ಹಾಕಿದರೆ ನನ್ನನ್ನ ಕೇಳ್ತಾರೆ, ನಿಮ್ಮನ್ನೂ ಕೇಳ್ತಾರೆ" ಎಂದರು. ಅವರು ಕೆಟ್ಟವರಲ್ಲ, ನಾಲ್ಕು ತರಗತಿಗಳನ್ನು ಇಬ್ಬರಲ್ಲಿ ಹಂಚಿಕೊಂಡು, ಬಿಸಿಯೂಟದ ಅಕ್ಕಿಯ ಲೆಕ್ಕವನ್ನೂ ಬರೆದು ಬಳಲಿದವರು. ನಾನು ಹುಡುಗಿಗೆ "ಭೇಷ್" ಎಂದು ಹೇಳಿ ನಮೂನೆಗೆ ರುಜು ಹಾಕಿದೆ. ಆ ತಿಂಗಳು ನಮ್ಮ ಸಮೂಹವನ್ನು ಸಭೆಯಲ್ಲಿ ಹೊಗಳಿದರು.

ಹತ್ತು ವರ್ಷಗಳು ಸಂದವು. 2013ರಲ್ಲಿ ಶ್ರೀಮಠದ ಜಾತ್ರೆಯ ಸಾಮೂಹಿಕ ವಿವಾಹಕ್ಕೆ ವಧೂವರರ ನೋಂದಣಿ ಮಾಡುವ ಸೇವೆ ನನಗೆ ಬಂದಿದ್ದಿತು. ವಯಸ್ಸಿನ ದಾಖಲೆ ನೋಡುವುದು, ಅರ್ಜಿಯನ್ನು ಅವರಿಗೇ ಕೊಟ್ಟು ಓದಿ ರುಜು ಹಾಕಿಸುವುದು ನಮ್ಮ ಕೆಲಸ. ಒಬ್ಬ ಹುಡುಗಿ ಅರ್ಜಿಯನ್ನು ನನ್ನ ಕಡೆಗೆ ತಳ್ಳಿ, "ನೀವೇ ಓದ್ಬುಡಿ ಮೇಷ್ಟ್ರೇ" ಎಂದಳು. ವರ್ಗಾವಣೆ ಪತ್ರದ ಪ್ರಕಾರ ಏಳನೆಯ ತರಗತಿ ತೇರ್ಗಡೆ. ನಾನು ಓದಿ ಹೇಳಿದೆ. ಅವಳು ಹೆಸರನ್ನು ಮಾತ್ರ ನಿಧಾನವಾಗಿ, ಚಿತ್ರ ಬರೆಯುವಂತೆ ಬರೆದಳು. ಆಮೇಲೆ ನಕ್ಕು, "ನನ್ ಗುರ್ತು ಸಿಗ್ನಿಲ್ವಾ? ನಮ್ಮೂರ ಇಸ್ಕೂಲಿಗೆ ಎಂ-80 ಗಾಡೀಲಿ ಬತ್ತಿದ್ರಲ್ಲ. ನಾನು ಓದಿದ್ದಕ್ಕೆ ಭೇಷ್ ಅಂದಿದ್ರಿ" ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಶಾಲೆಯಲ್ಲಿ ಅವಳನ್ನು ಹೊಗಳಿದ ಇನ್ಸ್‌ಪೆಕ್ಟರು ನಾನೊಬ್ಬನೇ ಎಂದು ಪಕ್ಕದಲ್ಲಿದ್ದ ವರನಿಗೆ ಹೇಳುತ್ತಿದ್ದಳು.

ಆ ರಾತ್ರಿ ಪ್ರಸಾದ ನನಗೆ ರುಚಿಸಲಿಲ್ಲ.

ಆಗ ನಾನು ಬೇರೊಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಜಾತ್ರೆ ಮುಗಿಸಿ ಹಿಂದಿರುಗಿದ ಮೇಲೆ ಎರಡರಿಂದ ಏಳನೆಯ ತರಗತಿಯವರೆಗಿನ ಪ್ರತಿಯೊಂದು ಮಗುವನ್ನೂ ನಾನೇ ಕೂರಿಸಿಕೊಂಡು, ಪಠ್ಯಪುಸ್ತಕದಲ್ಲಿಲ್ಲದ ಹಾಳೆಯನ್ನು ಕೊಟ್ಟು ಓದಿಸಿದೆ. 2005ರಿಂದ ಪ್ರಥಮ್ ಸಂಸ್ಥೆಯವರು ನಡೆಸಿಕೊಂಡು ಬಂದ ಅಸರ್ ಸಮೀಕ್ಷೆಯ ಕ್ರಮ ನನಗೆ ದಾರಿ ತೋರಿತು. ಅಕ್ಷರ, ಪದ, ಚಿಕ್ಕ ಗದ್ಯ, ಎರಡನೆಯ ತರಗತಿಯ ಮಟ್ಟದ ಕಥೆ, ಇಷ್ಟೇ ಅವರ ಪರೀಕ್ಷೆ. ಅದನ್ನು ಅವರು ಮಕ್ಕಳ ಮನೆಯ ಜಗುಲಿಯಲ್ಲಿ ಮಾಡುತ್ತಾರೆ. ಪಕ್ಕದಲ್ಲಿ ನನ್ನಂತಹ ಮುಖ್ಯೋಪಾಧ್ಯಾಯ ನಿಂತಿರುವುದಿಲ್ಲ. ಅದರ ಬೆಲೆ ನನಗೆ ಚೆನ್ನಾಗಿ ಗೊತ್ತು.

ಇಪ್ಪತ್ತೇಳು ಹೆಸರುಗಳು ಬಂದವು. ಹಿಂದಿನ ತಿಂಗಳು ಅದೇ ಶಾಲೆಯಿಂದ ಹೋದ ಸಂಖ್ಯೆ ನಾಲ್ಕು. ಇಪ್ಪತ್ತೇಳೆಂದೇ ಬರೆದು ಕಳುಹಿಸಿದೆ. ನಿರೀಕ್ಷಿಸಿದಂತೆ ಕಾರಣ ಕೇಳಿ ಪತ್ರ ಬಂದಿತು. ಕಾರಣವಾಗಿ ಆ ಇಪ್ಪತ್ತೇಳು ಹೆಸರುಗಳನ್ನೂ, ಪ್ರತಿಯೊಂದರ ಮುಂದೆ ಆ ಮಗುವಿಗೆ ಏನು ಬೇಕೆಂಬುದನ್ನೂ ಬರೆದು ಲಗತ್ತಿಸಿದೆ. ಒಬ್ಬನಿಗೆ ಒತ್ತಕ್ಷರ ಬಾರದು. ಇಬ್ಬರು ಅಣ್ಣತಮ್ಮಂದಿರ ಮನೆಮಾತು ಲಂಬಾಣಿ. ಅವರಿಗೆ ಓದು ಬಾರದೆಂಬುದಕ್ಕಿಂತ ಕನ್ನಡ ಇನ್ನೂ ಬಾರದೆಂಬುದೇ ಸರಿ. ಒಬ್ಬಳು ವರ್ಷದಲ್ಲಿ ಎಪ್ಪತ್ತು ದಿನ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುತ್ತಾಳೆ. ಇದನ್ನು ಓದಿದ ಹೊಸ ಅಧಿಕಾರಿಯೊಬ್ಬರು ಒಂದು ಬೆಳಿಗ್ಗೆ ಸದ್ದಿಲ್ಲದೆ ಬಂದು, ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಎರಡು ತಾಸು ಓದಿಸಿದರು. ನನ್ನನ್ನು ಬೈಯಲಿಲ್ಲ. ಆ ವರ್ಷ ನಮಗೆ ಒಬ್ಬ ಅತಿಥಿ ಶಿಕ್ಷಕಿ ದೊರೆತರು. ನಾನು ಒಂದನೆಯ ತರಗತಿಯನ್ನು ಸ್ವತಃ ವಹಿಸಿಕೊಂಡೆ. ಶಾಲೆಯಲ್ಲಿ ಅತ್ಯಂತ ಅನುಭವವುಳ್ಳವರು ಏಳನೆಯ ತರಗತಿಗೆ, ಹೊಸಬರು ಒಂದನೆಯದಕ್ಕೆ ಎಂಬ ನಮ್ಮ ಹಳೆಯ ಪದ್ಧತಿ ಎಷ್ಟು ತಲೆಕೆಳಗಾದದ್ದೆಂಬುದು ಆಗ ಅರಿವಾಯಿತು. ಗ್ರಂಥಾಲಯದ ಬೀರುವಿನ ಕೀಲಿಯನ್ನು ಆರನೆಯ ತರಗತಿಯ ಹುಡುಗಿಯರ ವಶಕ್ಕೆ ಕೊಟ್ಟೆ. ಪುಸ್ತಕಗಳು ಹರಿದವು. ಎರಡು ವರ್ಷಗಳ ತರುವಾಯ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಸೊನ್ನೆಗೆ ಅದು ನನ್ನ ನಿವೃತ್ತಿಯವರೆಗೂ ಬರಲಿಲ್ಲ.

2018ರಲ್ಲಿ ನಿವೃತ್ತನಾದೆ. ಆಮೇಲಿನದನ್ನು ನನ್ನ ಶಿಷ್ಯ ಶಿಕ್ಷಕರಿಂದ ಕೇಳಿ ಬಲ್ಲೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮ, 2026-27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಸಹಿತ ಓದಬೇಕೆಂಬ ಗುರಿಯನ್ನು ಹಾಕಿಕೊಂಡಿತು. ನಿಮಿಷಕ್ಕೆ 60 ಪದಗಳೆಂಬ ಅಳತೆಯನ್ನೂ ಕೊಟ್ಟಿತು. ಅಳತೆ ಇರುವುದು ಒಳ್ಳೆಯದೇ. ಆದರೆ ನಮ್ಮ ಕನ್ನಡದಲ್ಲಿ 'ಓದಿಕೊಳ್ಳಲಾಗದಿದ್ದುದರಿಂದ' ಎಂಬುದೂ ಒಂದೇ ಪದ, 'ಮರ' ಎಂಬುದೂ ಒಂದೇ ಪದ. ಮೊಬೈಲಿನಲ್ಲಿ ನಿಮಿಷ ಎಣಿಸುತ್ತ ಕುಳಿತ ಶಿಕ್ಷಕರು ಇದನ್ನು ಮರೆಯಬಾರದು. ಸಭೆಯಲ್ಲಿ ಯಾರನ್ನಾದರೂ ಎದ್ದು ನಿಲ್ಲಿಸುವವರಂತೂ ಮರೆಯಲೇಬಾರದು.

2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದುದು, ಅದೇ ಆಗಸ್ಟಿನಲ್ಲಿ ವಠಾರದ ಮರದಡಿಯಲ್ಲಿ ನಡೆದ ವಿದ್ಯಾಗಮ, 2022-23ರ ಕಲಿಕಾ ಚೇತರಿಕೆ ವರ್ಷ, ಇವೆಲ್ಲ ಓದುಗರಿಗೆ ತಿಳಿದದ್ದೇ. ವಿದ್ಯಾರ್ಥಿನಿಲಯ ಮತ್ತೆ ತೆರೆದಾಗ ನಮ್ಮ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ, ಆರನೆಯ ತರಗತಿಗೆ ಬಂದ ಹುಡುಗರಲ್ಲಿ ಹಲವರಿಗೆ ಓದು ಬಾರದೆಂದು ತಿಳಿಸಿದರು. ಅವರು ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಾನು ಕೈಮುಗಿದೆ. ಅಂದಿನಿಂದ ಅದೇ ಕೈಸಾಲೆಯಲ್ಲಿ, ಪ್ರಾರ್ಥನೆಯಾದ ಮೇಲೆ ಒಂದು ತಾಸು ಕುಳಿತುಕೊಳ್ಳುತ್ತಿದ್ದೇನೆ. ಬಲ್ಬು ಮಾತ್ರ ಈಗ ಪ್ರಕಾಶಮಾನವಾಗಿದೆ.

ದಾನಿಗಳಲ್ಲಿ ಒಂದು ಬಿನ್ನಹ, ತಪ್ಪಾಗಿ ತಿಳಿಯಬಾರದು. ತಾವು ಕಟ್ಟಿಸಿಕೊಟ್ಟ ಕೊಠಡಿಗಳ ಬಾಗಿಲಿನ ಮೇಲೆ ತಮ್ಮ ಪೂಜ್ಯ ತಂದೆತಾಯಿಗಳ ಹೆಸರಿನ ಶಿಲಾಫಲಕಗಳಿವೆ, ಅದು ಯುಕ್ತವೇ. ಕೈಸಾಲೆಯ ತರಗತಿಗೆ ಫಲಕ ಹಾಕಲು ಗೋಡೆಯೇ ಇಲ್ಲ. ಅಲ್ಲಿಗೆ ಬೇಕಾಗಿರುವುದು ವರ್ಷಕ್ಕೆ ಒಂದಿಷ್ಟು ಕಥೆಯ ಪುಸ್ತಕಗಳು, ಹರಿದಾಗ ಮತ್ತೆ ಅಷ್ಟೇ ಪುಸ್ತಕಗಳು, ಮತ್ತು ನನ್ನ ಕಣ್ಣು ಮಂಜಾಗುವ ಮೊದಲು ಇನ್ನೊಬ್ಬ ಮೇಷ್ಟ್ರು. ಹಾಗೆಯೇ, ಈ ಸಂಚಿಕೆಯಲ್ಲಿ ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿಯ ಶೇಕಡಾವಾರು ಫಲಿತಾಂಶ ಅಚ್ಚಾಗುತ್ತದೆ. ಓದಲು ಬಾರದವರ ಪಟ್ಟಿಯನ್ನು ಅಚ್ಚುಮಾಡಿಸಿರೆಂದು ನಾನು ಹೇಳುವುದಿಲ್ಲ. ಮಕ್ಕಳ ಮಾನ ದೊಡ್ಡದು. ಆದರೆ ಆಡಳಿತ ಮಂಡಳಿಯ ಸಭೆಯ ಮೇಜಿನ ಮೇಲೆ ತಿಂಗಳಿಗೊಮ್ಮೆ ಅದು ಬರಲಿ. ಬಂದಾಗ, "ಈ ಮಗುವಿಗೆ ಇನ್ನೇನು ಬೇಕು?" ಎಂಬ ಹಿರಿಯ ಶ್ರೀಗಳವರ ಪ್ರಶ್ನೆಯನ್ನು ಯಾರಾದರೂ ಕೇಳಲಿ.

ಈ ವರ್ಷ ಜೂನಿನಲ್ಲಿ ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ದಿನ ಒಂಬತ್ತು ಉಳಿದಿವೆ. ಅವರಲ್ಲಿ ಒಬ್ಬ ಇನ್ನೂ ಕೊನೆಯ ಸಾಲನ್ನು ತೋರಿಸಿದರೆ ಮೊದಲ ಸಾಲನ್ನು ಒಪ್ಪಿಸುತ್ತಾನೆ. ಇಬ್ಬರಿಗೆ ಹಲಗೆಯ ಮೇಲಿನದು ಕಾಣುವುದಿಲ್ಲವೆಂದು ಕಣ್ಣಿನ ವೈದ್ಯರು ಹೇಳಿದ್ದಾರೆ. ಬರುವ ಸೋಮವಾರ ಕನ್ನಡಕ ಬಂದ ಮೇಲೆ ಅವರನ್ನು ಮತ್ತೆ ಓದಿಸಿ ನೋಡಬೇಕು.